ಊರಿನ ಹಿರಿಯರ ಕಾಗದಪತ್ರ, ಭಾಷಣ ಹುಡುಕೋದು ಹೇಗೆ?

ಊರಿನ ಹೈಸ್ಕೂಲಿಗೋ ಸರ್ಕಲ್ಲಿಗೋ ಒಬ್ಬ ಹಿರಿಯರ ಹೆಸರಿರುತ್ತದೆ. ಜೈಲಿಗೆ ಹೋಗಿದ್ದರು, ಎರಡು ಸಲ ಶಾಸಕರಾಗಿದ್ದರು, ಮಾತಿಗೆ ನಿಂತರೆ ಜನ ಅಲ್ಲಾಡುತ್ತಿರಲಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಅವರು ಏನು ಮಾತಾಡಿದರು, ಯಾರಿಗೆ ಏನು ಬರೆದರು ಅಂತ ಕೇಳಿ ನೋಡಿ. ಉತ್ತರ ಸಿಗುವುದು ಕಷ್ಟ. ಜಯಂತಿಯ ದಿನ ಹಾರ ಹಾಕಿ, ಹೋದ ವರ್ಷದ ಅದೇ ನಾಲ್ಕು ಸಾಲನ್ನು ಮತ್ತೆ ಓದುತ್ತೇವೆ.

ಇಂಥವರ ಬಗ್ಗೆ ಏನಾದರೂ ಬರೆಯಬೇಕು, ಅವರ ಭಾಷಣಗಳನ್ನು ಒಂದು ಕಡೆ ಸೇರಿಸಬೇಕು ಅಂತ ಹೊರಟವರಿಗೆ ಈ ಲೇಖನ. ನೀವು ಇತಿಹಾಸದ ಪ್ರೊಫೆಸರ್ ಆಗಿರಬೇಕಿಲ್ಲ. ಅವರ ಮೊಮ್ಮಕ್ಕಳಾಗಿರಬಹುದು, ಮೇಷ್ಟ್ರಾಗಿರಬಹುದು, ಸುಮ್ನೆ ಕುತೂಹಲ ಇರುವವರೂ ಆಗಿರಬಹುದು.

ಕೆಲಸ ಶುರು ಮಾಡುವ ಮುಂಚೆ ಒಂದು ವಿಷಯ ತಲೆಯಲ್ಲಿರಲಿ. ಒಬ್ಬರ ಕಾಗದಪತ್ರ ಒಂದೇ ಕಡೆ ಇರುವುದಿಲ್ಲ. ಅವರಿಗೆ ಬಂದ ಪತ್ರಗಳು ಅವರ ಮನೆಯಲ್ಲಿರುತ್ತವೆ. ಅವರು ಬರೆದ ಪತ್ರಗಳು ಬೇರೆಯವರ ಮನೆಯಲ್ಲಿರುತ್ತವೆ. ಎಷ್ಟೋ ಜನ ಮನೆಯ ಟ್ರಂಕು ನೋಡಿ, "ಅವರು ಬರೆದದ್ದೇ ಇಲ್ಲ, ಬರೀ ಬಂದದ್ದು ಇದೆ" ಅಂತ ಕೈಬಿಡುತ್ತಾರೆ. ಹಾಗಿರುವುದೇ ಸಹಜ. ಹುಡುಕಾಟ ಅಲ್ಲಿಂದ ಶುರುವಾಗಬೇಕು.

ಮೊದಲು ಒಂದು ಪುಟ ಬರೆದುಕೊಳ್ಳಿ

ಯಾವ ಕಚೇರಿಗೂ ಹೋಗುವ ಮುಂಚೆ ಆ ವ್ಯಕ್ತಿಯ ಬದುಕನ್ನು ಇಸವಿವಾರು ಒಂದು ಪುಟದಲ್ಲಿ ಬರೆಯಿರಿ. ಹುಟ್ಟಿದ್ದು, ಓದಿದ್ದು, ಯಾವ ಊರಲ್ಲಿ ಎಷ್ಟು ವರ್ಷ, ಯಾವ ಜೈಲು, ಯಾವ ಚುನಾವಣೆ, ಯಾವ ಪತ್ರಿಕೆಯ ನಂಟು, ತೀರಿಕೊಂಡದ್ದು. ಪಕ್ಕದಲ್ಲಿ ಅವರ ಹತ್ತಿರದ ಹತ್ತು ಜನರ ಹೆಸರು. ಈ ಎರಡನೇ ಪಟ್ಟಿಯೇ ಮುಂದೆ ಜಾಸ್ತಿ ಕೆಲಸಕ್ಕೆ ಬರುತ್ತದೆ, ಯಾಕಂದರೆ ಅವರು ಬರೆದ ಪತ್ರಗಳು ಉಳಿದಿದ್ದರೆ ಈ ಹತ್ತು ಜನರ ಕಟ್ಟುಗಳಲ್ಲಿ ಉಳಿದಿರುತ್ತವೆ.

ಇನ್ನೊಂದು ಕಾಲಂ ಹಾಕಿ: ಆ ವರ್ಷ ಅವರ ಊರು ಯಾವ ಸರ್ಕಾರದ ಕೆಳಗಿತ್ತು? ಕರ್ನಾಟಕದ ಮಟ್ಟಿಗೆ ಇದನ್ನು ಬಿಟ್ಟರೆ ಹುಡುಕಾಟ ದಾರಿ ತಪ್ಪುತ್ತದೆ. 1956ರ ನವೆಂಬರ್ 1ಕ್ಕೆ ಮುಂಚೆ ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಮುಂಬೈಗೆ ಸೇರಿದ್ದವು. ಬೀದರ್, ಕಲಬುರಗಿ, ರಾಯಚೂರು ಹೈದರಾಬಾದಿಗೆ. ದಕ್ಷಿಣ ಕನ್ನಡ ಮದ್ರಾಸಿಗೆ. ಬಳ್ಳಾರಿಯೂ ಮದ್ರಾಸಿಗೇ ಸೇರಿತ್ತು, ಆದರೆ ಅದರ ಬಹುಪಾಲು 1953ರ ಅಕ್ಟೋಬರಿನಲ್ಲೇ ಮೈಸೂರಿಗೆ ಬಂತು. ಕೊಡಗು ಬೇರೆಯೇ ಇತ್ತು. ಹಳೇ ಮೈಸೂರು ಮಹಾರಾಜರದ್ದು.

ಆದ್ದರಿಂದ ಹುಬ್ಬಳ್ಳಿಯ ಸತ್ಯಾಗ್ರಹಿಯೊಬ್ಬರ ಸರ್ಕಾರಿ ದಾಖಲೆಯನ್ನು ಬೆಂಗಳೂರಿನಲ್ಲಿ ಹುಡುಕಿದರೆ ನಿರಾಸೆ ಆಗುವ ಸಾಧ್ಯತೆಯೇ ಹೆಚ್ಚು. ಅದು ಮುಂಬೈಯ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿ ಇರಬಹುದು. ಮಂಗಳೂರಿನವರದ್ದು ಚೆನ್ನೈ ಎಗ್ಮೋರಿನ ತಮಿಳುನಾಡು ಪತ್ರಾಗಾರದಲ್ಲಿ, ರಾಯಚೂರಿನವರದ್ದು ಹೈದರಾಬಾದಿನಲ್ಲಿ. ಜೈಲಿನ ವಿಷಯವೂ ಹಾಗೇ. ಬೆಳಗಾವಿ ಧಾರವಾಡ ಕಡೆಯವರನ್ನು ಹಿಂಡಲಗಾ, ಯರವಡಾಕ್ಕೆ ಹಾಕುತ್ತಿದ್ದರು. ಕರಾವಳಿಯವರನ್ನು ವೆಲ್ಲೂರು, ಕಣ್ಣೂರಿಗೆ. ಯಾವ ಜೈಲು ಅಂತ ಗೊತ್ತಾದರೆ ಯಾವ ಪ್ರಾಂತ್ಯದ ಕಡತ ತೆಗೆಸಬೇಕು ಅನ್ನುವುದೂ ಗೊತ್ತಾಗುತ್ತದೆ.

ಎಲ್ಲೆಲ್ಲಿ ಇರುತ್ತವೆ

ಸರ್ಕಾರಿ ಕಡತ ಬೇರೆ, ಖಾಸಗಿ ಕಾಗದಪತ್ರ ಬೇರೆ. ಎರಡನ್ನೂ ಬೇರೆ ಬೇರೆಯಾಗಿ ಹುಡುಕಬೇಕು.

ಸರ್ಕಾರಿ ಕಡತಕ್ಕೆ ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆ, ಮೈಸೂರಿನ ಅದರ ವಿಭಾಗೀಯ ಕಚೇರಿ, ಮೇಲೆ ಹೇಳಿದ ಪಕ್ಕದ ರಾಜ್ಯಗಳ ಪತ್ರಾಗಾರಗಳು, ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರ. ರಾಷ್ಟ್ರೀಯ ಅಭಿಲೇಖಾಗಾರದ 'ಅಭಿಲೇಖ್ ಪಟಲ್' ಜಾಲತಾಣದಲ್ಲಿ ಹೆಸರು ನೋಂದಾಯಿಸಿಕೊಂಡರೆ ಮನೆಯಲ್ಲೇ ಕೂತು ಸೂಚಿ ನೋಡಬಹುದು. ಬಹಳಷ್ಟು ಕಡತಗಳ ಸ್ಕ್ಯಾನ್ ಕೂಡ ಅಲ್ಲೇ ಇದೆ. ದೆಹಲಿಗೆ ಟಿಕೆಟ್ ಮಾಡಿಸುವ ಮುಂಚೆ ಇದನ್ನು ನೋಡಿ.

ಖಾಸಗಿ ಕಾಗದಪತ್ರಕ್ಕೆ ದೊಡ್ಡ ಜಾಗ ದೆಹಲಿಯ ತೀನ್ ಮೂರ್ತಿ ಭವನ. ಮೊದಲು ನೆಹರೂ ಸ್ಮಾರಕ ಗ್ರಂಥಾಲಯ ಅನ್ನುತ್ತಿದ್ದರು, 2023ರಿಂದ ಪ್ರಧಾನಮಂತ್ರಿಗಳ ವಸ್ತುಸಂಗ್ರಹಾಲಯ ಮತ್ತು ಗ್ರಂಥಾಲಯ ಅಂತ ಹೆಸರು ಬದಲಾಗಿದೆ. ಹಳೆಯ ಪುಸ್ತಕಗಳ ಅಡಿಟಿಪ್ಪಣಿಯಲ್ಲಿ ಹಳೇ ಹೆಸರೇ ಇರುತ್ತದೆ, ಎರಡೂ ಒಂದೇ ಜಾಗ. ಹಿಂದುಸ್ತಾನಿ ಸೇವಾದಳ ಕಟ್ಟಿದ ನಾ. ಸು. ಹರ್ಡೀಕರರ ಕಾಗದಪತ್ರ ಅಲ್ಲಿದೆ. ಈ ಒಂದು ಸಂಗ್ರಹವನ್ನು ಯೋಚಿಸಿ ನೋಡಿ. ಹರ್ಡೀಕರರು ಹುಬ್ಬಳ್ಳಿಯಲ್ಲಿದ್ದವರು, ದೇಶದ ಎಲ್ಲ ಕಡೆ ಸ್ವಯಂಸೇವಕರ ದಳ ಕಟ್ಟಿದವರು. ಅವರಿಗೆ ತಾಲ್ಲೂಕು ಮಟ್ಟದ ಎಷ್ಟೋ ಕಾರ್ಯಕರ್ತರು ಪತ್ರ ಬರೆದಿರುತ್ತಾರೆ. ನಿಮ್ಮ ಊರಿನ ಹಿರಿಯರು ಸೇವಾದಳದಲ್ಲಿದ್ದರೆ, ಅವರ ಹೆಸರಿನಲ್ಲಿ ಎಲ್ಲೂ ಸಂಗ್ರಹ ಇಲ್ಲದಿದ್ದರೂ ಹರ್ಡೀಕರರ ಕಟ್ಟಿನಲ್ಲಿ ಒಂದು ಪತ್ರ ಸಿಗಬಹುದು. ದೊಡ್ಡವರ ಸಂಗ್ರಹದ ಬೆಲೆ ಇರುವುದು ಇಲ್ಲೇ ಅಂತ ನನಗನ್ನಿಸುತ್ತದೆ. ಅದರಲ್ಲಿ ಸಣ್ಣವರು ಸಿಗುತ್ತಾರೆ.

ಅದೇ ಲೆಕ್ಕದಲ್ಲಿ ಗಾಂಧೀಜಿಯ ಪತ್ರಗಳನ್ನೂ ನೋಡಿ. ಅವರ ಸಮಗ್ರ ಬರಹಗಳ ಇಂಗ್ಲಿಷ್ ಆವೃತ್ತಿ 100 ಸಂಪುಟ. ಗಾಂಧಿ ಹೆರಿಟೇಜ್ ಪೋರ್ಟಲ್‌ನಲ್ಲಿ ಉಚಿತವಾಗಿ ಓದಬಹುದು. ಗಂಗಾಧರರಾವ್ ದೇಶಪಾಂಡೆಯವರಂಥ ಬೆಳಗಾವಿಯ ನಾಯಕರಿಗೆ ಬರೆದ ಪತ್ರಗಳು ಅದರಲ್ಲಿವೆ. ಹೆಸರು, ಊರು ಎರಡನ್ನೂ ಹಾಕಿ ಹುಡುಕಿ.

ಸಾಹಿತಿ, ಪತ್ರಕರ್ತರಾದರೆ ದಾರಿ ಬೇರೆ. ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ 1890ರದ್ದು, ಬೆಂಗಳೂರಿನ ಕನ್ನಡ ಸಾಹಿತ್ಯ ಪರಿಷತ್ತು 1915ರದ್ದು, ಮಿಥಿಕ್ ಸೊಸೈಟಿ 1909ರದ್ದು. ಡಿವಿಜಿ 1945ರಲ್ಲಿ ಶುರು ಮಾಡಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಬಸವನಗುಡಿಯಲ್ಲಿದೆ. ಕುಪ್ಪಳಿ, ಸಾಧನಕೇರಿಯಂಥ ಕಡೆ ಕವಿಗಳ ಮನೆಗಳೂ ಟ್ರಸ್ಟುಗಳೂ ಇವೆ. ಮಿಷನರಿಗಳ ಬಗ್ಗೆಯಾದರೆ ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಜಿಕಲ್ ಕಾಲೇಜಿನ ದಾಖಲೆಗಳು, ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿರುವ ಮಿಷನ್ ಸಂಗ್ರಹ. ವಿಜ್ಞಾನಿಗಳ ಬಗ್ಗೆಯಾದರೆ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ (ಎನ್‌ಸಿಬಿಎಸ್) 2019ರಿಂದ ಒಳ್ಳೆಯ ಆರ್ಕೈವ್ ಇದೆ. ಕಾಗದಪತ್ರದ ಪಟ್ಟಿ ಹೇಗಿರಬೇಕು ಅಂತ ತಿಳಿಯಲಿಕ್ಕಾದರೂ ಅದರ ಕ್ಯಾಟಲಾಗ್ ಒಮ್ಮೆ ನೋಡಿ.

ಆನ್‌ಲೈನ್ ಸೂಚಿಗಳಲ್ಲಿ ಹುಡುಕುವಾಗ ಒಂದು ತೊಂದರೆ ಬಂದೇ ಬರುತ್ತದೆ. ಹಳೆಯ ಸೂಚಿಗಳು ಇಂಗ್ಲಿಷಿನಲ್ಲಿವೆ, ಕಾಗುಣಿತ ಬ್ರಿಟಿಷರ ಕಾಲದ್ದು. ಧಾರವಾಡ ಅಲ್ಲಿ 'ಧಾರ್‌ವಾರ್', ಬೆಳಗಾವಿ 'ಬೆಲ್ಗಾಂ', ಕೊಡಗು 'ಕೂರ್ಗ್', ದಕ್ಷಿಣ ಕನ್ನಡ 'ಸೌತ್ ಕೆನರಾ'. ವ್ಯಕ್ತಿಯ ಹೆಸರೂ ಹಾಗೇ: ರಾವ್ ಒಂದು ಕಡೆ 'ರಾವ್', ಇನ್ನೊಂದು ಕಡೆ 'ರೌ', ಸದಾಶಿವದಲ್ಲಿ ಒಮ್ಮೆ ಎಸ್, ಒಮ್ಮೆ ಎಸ್‌ಎಚ್. ಇನಿಷಿಯಲ್ ಹಿಂದೆ ಮುಂದೆ ಆಗಿರುತ್ತದೆ. ಹೆಸರಿನ ಐದಾರು ರೂಪಗಳನ್ನು ಮೊದಲೇ ಬರೆದಿಟ್ಟುಕೊಂಡು ಒಂದೊಂದಾಗಿ ಹಾಕಿ ನೋಡಿ. ಒಂದು ಸಲ ಹುಡುಕಿ "ಇಲ್ಲ" ಅಂದುಕೊಳ್ಳಬೇಡಿ.

ಮನೆಯ ಟ್ರಂಕು

ಅಟ್ಟದ ಮೇಲಿಂದ ಟ್ರಂಕು ಇಳಿಸಿದ ಕೂಡಲೇ ಎಲ್ಲರೂ ಮಾಡುವ ಕೆಲಸ ಅಂದರೆ ಕಾಗದಗಳನ್ನು ಹೊರಗೆ ಸುರಿದು "ಮುಖ್ಯವಾದದ್ದು", "ಕಸ" ಅಂತ ಎರಡು ಗುಡ್ಡೆ ಮಾಡುವುದು. ದಯವಿಟ್ಟು ಹಾಗೆ ಮಾಡಬೇಡಿ. ಯಾವುದರ ಜೊತೆ ಯಾವುದು ಕಟ್ಟಿತ್ತು ಅನ್ನುವುದೂ ಒಂದು ಮಾಹಿತಿ. ದಾರ ಕಟ್ಟಿದ ಒಂದು ಕಟ್ಟಿನಲ್ಲಿ ಒಂದು ಪತ್ರ, ಒಂದು ಬಸ್ ಟಿಕೆಟು, ಒಂದು ಆಮಂತ್ರಣ ಪತ್ರಿಕೆ, ನಾಲ್ಕು ಸಾಲಿನ ಒಂದು ಚೀಟಿ ಇದೆ ಅಂದುಕೊಳ್ಳಿ. ಬೇರೆ ಬೇರೆ ಮಾಡಿದರೆ ಅವು ನಾಲ್ಕು ಚೂರು. ಒಟ್ಟಿಗೆ ನೋಡಿದರೆ ಒಂದು ಭಾಷಣದ ಪೂರ್ತಿ ಕತೆ: ಕರೆದದ್ದು ಯಾರು, ಹೋದದ್ದು ಯಾವಾಗ, ಮಾತಾಡಲು ಬರೆದುಕೊಂಡ ಟಿಪ್ಪಣಿ ಯಾವುದು.

ಮುಚ್ಚಳ ತೆಗೆದ ಕೂಡಲೇ ಮೇಲಿಂದ ಒಂದು ಫೋಟೋ. ಆಮೇಲೆ ಒಂದೊಂದೇ ಕಟ್ಟು ಹೊರಗೆ ತೆಗೆಯುತ್ತ, ಪ್ರತಿ ಕಟ್ಟಿಗೂ ಒಂದು ನಂಬರು. ನಂಬರನ್ನು ಕಾಗದದ ಮೇಲೆ ಬರೆಯಬೇಡಿ, ಬೇರೆ ಚೀಟಿಯಲ್ಲಿ ಬರೆದು ಮೇಲೆ ಇಡಿ. ಬರೆಯಲೇಬೇಕಿದ್ದರೆ ಹಿಂದೆ ಮೂಲೆಯಲ್ಲಿ ಪೆನ್ಸಿಲಿನಿಂದ, ಮೆಲ್ಲಗೆ. ಬಾಲ್ ಪೆನ್ನು ಬೇಡವೇ ಬೇಡ.

ತುಕ್ಕು ಹಿಡಿದ ಗುಂಡುಸೂಜಿ, ಕ್ಲಿಪ್ಪು, ಸ್ಟೇಪಲ್ ತೆಗೆಯಬೇಕು, ಆದರೆ ಎಳೆಯಬಾರದು. ಎಳೆದರೆ ಕಾಗದದ ಚೂರೂ ಜೊತೆಗೆ ಬರುತ್ತದೆ. ಹಿಂದಿನಿಂದ ಕಾಲು ಬಿಡಿಸಿ ತೆಗೆಯಿರಿ. ಹರಿದದ್ದಕ್ಕೆ ಸೆಲ್ಲೋಟೇಪ್ ಹಚ್ಚಬೇಡಿ, ಕೆಲವು ವರ್ಷಕ್ಕೆ ಅದರ ಅಂಟು ಹಳದಿಯಾಗಿ ಅಕ್ಷರದೊಳಗೆ ಇಳಿಯುತ್ತದೆ. ಲ್ಯಾಮಿನೇಷನ್ ಅಂತೂ ಇನ್ನೂ ಕೆಟ್ಟದ್ದು. ಬಿಸಿಯಲ್ಲಿ ಪ್ಲಾಸ್ಟಿಕ್ ಕೂಡಿಸಿದ ಮೇಲೆ ಅದನ್ನು ವಾಪಸ್ ಬಿಡಿಸಲು ಆಗುವುದಿಲ್ಲ. ಸನ್ಮಾನ ಪತ್ರವನ್ನೋ ಗಾಂಧೀಜಿಯ ಕಾರ್ಡನ್ನೋ ಲ್ಯಾಮಿನೇಟ್ ಮಾಡಿಸಿ ಗೋಡೆಗೆ ನೇತುಹಾಕುವುದು ಗೌರವಕ್ಕೇ ಅಂತ ಗೊತ್ತು. ಮೂಲವನ್ನು ಒಳಗಿಟ್ಟು ಜೆರಾಕ್ಸನ್ನು ನೇತುಹಾಕಿ, ಗೌರವ ಕಡಿಮೆ ಆಗುವುದಿಲ್ಲ.

ಒದ್ದೆಯಾದ ಕಾಗದವನ್ನು ಬಿಸಿಲಿಗೆ ಹಾಕಬೇಡಿ, ಫ್ಯಾನಿನ ಗಾಳಿಯಲ್ಲಿ ನೆರಳಲ್ಲಿ ಒಣಗಿಸಿ. ಗೆದ್ದಲು ಬಂದಿದ್ದರೆ ಪೆಟ್ಟಿಗೆಯನ್ನು ನೆಲದಿಂದ ಎತ್ತಿ, ಗೋಡೆಯಿಂದ ದೂರ ಇಡಿ. ಮಿಕ್ಕಿದ್ದಕ್ಕೆ ಒಣ ಕೋಣೆ, ಹತ್ತಿ ಬಟ್ಟೆ, ಗಟ್ಟಿ ರಟ್ಟಿನ ಪೆಟ್ಟಿಗೆ ಸಾಕು.

ಫೋಟೋ ತೆಗೆಯಲು ಫೋನೇ ಸಾಕು, ಆದರೆ ಶಿಸ್ತು ಬೇಕು. ಕಿಟಕಿ ಬೆಳಕು, ಫ್ಲ್ಯಾಶ್ ಬೇಡ, ಫೋನು ಕಾಗದಕ್ಕೆ ನೇರ. ಪ್ರತಿ ಕಟ್ಟಿಗೆ ಮೊದಲ ಫೋಟೋ ಅದರ ನಂಬರ್ ಚೀಟಿಯದ್ದು. ಪತ್ರದ ಹಿಂಭಾಗ ಖಾಲಿ ಇದ್ದರೂ ತೆಗೆಯಿರಿ. ಲಕೋಟೆಯ ಎರಡೂ ಬದಿ ತೆಗೆಯಿರಿ. ಲಕೋಟೆ ಬಿಸಾಡಿದವರಿಗೆ ಏನು ಕಳಕೊಂಡೆವು ಅಂತ ಮುಂದೆ ಗೊತ್ತಾಗುತ್ತದೆ.

ತಾರೀಕು ಹಚ್ಚುವುದು

ಹಳೆಯ ಪತ್ರಗಳಲ್ಲಿ ಅರ್ಧಕ್ಕರ್ಧ ಇಸವಿ ಇರುವುದಿಲ್ಲ. "ಶುಕ್ರವಾರ ಸಾಯಂಕಾಲ" ಅಂತ ಇರುತ್ತದೆ ಅಷ್ಟೇ. ಇಲ್ಲಿ ಕೂತು ಸ್ವಲ್ಪ ಪತ್ತೇದಾರಿ ಮಾಡಬೇಕು, ಇಡೀ ಕೆಲಸದಲ್ಲಿ ಮಜಾ ಬರುವ ಭಾಗವೂ ಇದೇ.

ಒಂದು ಕಾರ್ಡಿನ ಮೇಲೆ "ರಕ್ತಾಕ್ಷಿ ಸಂ. ಕಾರ್ತಿಕ ಶು. 5" ಅಂತ ಇದೆ ಅಂದುಕೊಳ್ಳಿ. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ರಕ್ತಾಕ್ಷಿ ಬಂದದ್ದು 1864ರಲ್ಲಿ, 1924ರಲ್ಲಿ, 1984ರಲ್ಲಿ. ಕಾರ್ಡಿನ ಮೇಲೆ ರಾಜನ ತಲೆಯ ಸ್ಟ್ಯಾಂಪಿದ್ದರೆ 1984 ಅಲ್ಲ. ಒಳಗೆ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದ ಸಿದ್ಧತೆಯ ಮಾತಿದ್ದರೆ 1924 ಅನ್ನುವುದು ಖಾಯಂ, ಯಾಕಂದರೆ ಗಾಂಧೀಜಿ ಅಧ್ಯಕ್ಷರಾಗಿದ್ದ ಆ ಅಧಿವೇಶನ ನಡೆದದ್ದು ಆ ವರ್ಷದ ಡಿಸೆಂಬರಿನಲ್ಲಿ. ದೀಪಾವಳಿ ಕಳೆದು ಐದನೇ ದಿನ, ಅಂದರೆ ನವೆಂಬರ್ ಮೊದಲ ವಾರ. ಆದರೆ ಹುಷಾರು. ಸಂವತ್ಸರ ಯುಗಾದಿಯಿಂದ ಯುಗಾದಿಗೆ ಲೆಕ್ಕ. ಅದೇ ರಕ್ತಾಕ್ಷಿಯ ಮಾಘ, ಫಾಲ್ಗುಣದಲ್ಲಿ ಬರೆದ ಪತ್ರ 1925ಕ್ಕೆ ಸೇರುತ್ತದೆ. ಇದನ್ನು ಮರೆತು ಇಡೀ ಘಟನಾವಳಿಯನ್ನು ಒಂದು ವರ್ಷ ಹಿಂದಕ್ಕೆ ತಳ್ಳಿದ ಪುಸ್ತಕಗಳು ಕಡಿಮೆ ಇಲ್ಲ.

ಕರಾವಳಿಯ ಪತ್ರಗಳಲ್ಲಿ ಸೌರಮಾಸ ಇರುತ್ತದೆ, ಸಿಂಹ ಮಾಸ, ಕನ್ಯಾ ಮಾಸ ಅಂತ. ನಿಜಾಮರ ಸೀಮೆಯ ಕಾಗದದಲ್ಲಿ ಫಸಲಿ ವರ್ಷ, ಅಂದರೆ ಕಂದಾಯದ ಲೆಕ್ಕದ ವರ್ಷ. ಅದಕ್ಕೆ 590 ಕೂಡಿಸಿದರೆ ಅದು ಶುರುವಾದ ನಮ್ಮ ಇಸವಿ ಸಿಗುತ್ತದೆ, ಫಸಲಿ 1357 ಅಂದರೆ 1947ರ ಅಕ್ಟೋಬರಿನಿಂದ.

ಪಂಚಾಂಗದ ಸುಳಿವೂ ಇಲ್ಲದಿದ್ದರೆ ಅಂಚೆಯ ಸುಳಿವು ಹಿಡಿಯಿರಿ. ಮೊದಲು ಠಸ್ಸೆ, ಭೂತಗನ್ನಡಿಯಲ್ಲಿ. ಫೋಟೋ ತೆಗೆದು ಫೋನಿನಲ್ಲಿ ಕಾಂಟ್ರಾಸ್ಟ್ ಹೆಚ್ಚಿಸಿದರೆ ಅಳಿಸಿದ ಠಸ್ಸೆಯೂ ಕೆಲವು ಸಲ ಓದಲು ಬರುತ್ತದೆ. ಇನ್‌ಲೆಂಡ್ ಲೆಟರ್ ಆದರೆ 1950ಕ್ಕಿಂತ ಹಳೆಯದಲ್ಲ. ಬೆಲೆ ಆಣೆಯಲ್ಲಿದ್ದರೆ 1957ರ ಏಪ್ರಿಲಿಗೆ ಮುಂಚೆ ಅಚ್ಚಾದದ್ದು, "ನಯೇ ಪೈಸೆ" ಇದ್ದರೆ ಆಮೇಲಿನದು. ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ಲೆಟರ್‌ಹೆಡ್‌ನಲ್ಲಿ "ಮೈಸೂರು ರಾಜ್ಯ" ಇದ್ದರೆ ಸಾಮಾನ್ಯವಾಗಿ 1973ರ ನವೆಂಬರಿಗೆ ಮುಂಚೆ. ಸಾಮಾನ್ಯವಾಗಿ ಅಂದೆ, ಯಾಕಂದರೆ ಹಳೇ ಲೆಟರ್‌ಹೆಡ್ ಮುಗಿಯುವ ತನಕ ಬಳಸುವವರು ನಮ್ಮಲ್ಲಿ ಜಾಸ್ತಿ ಅಲ್ವಾ?

ನೀವೇ ಊಹಿಸಿದ ತಾರೀಕನ್ನು ಚೌಕ ಆವರಣದಲ್ಲಿ ಬರೆಯಿರಿ, ಪಕ್ಕದಲ್ಲಿ ಯಾಕೆ ಅಂತ ಅರ್ಧ ಸಾಲು. ಮುಂದೆ ಬರುವವರಿಗೆ ಕಾಗದದಲ್ಲಿ ಇದ್ದದ್ದು ಯಾವುದು, ನೀವು ಸೇರಿಸಿದ್ದು ಯಾವುದು ಅಂತ ಗೊತ್ತಾಗಬೇಕು.

ಓದುವ ಕೋಣೆಯಲ್ಲಿ

ಪತ್ರಾಗಾರಕ್ಕೆ ಹೋಗುವ ಮುಂಚೆ ಫೋನ್ ಮಾಡಿ ಅಥವಾ ಮೇಲ್ ಹಾಕಿ: ಈ ಸಂಗ್ರಹ ಓದಲು ಸಿಗುತ್ತದೆಯೇ, ಯಾವ ದಿನ ಬರಬಹುದು, ಏನೇನು ತರಬೇಕು. ಗುರುತಿನ ಚೀಟಿ, ಫೋಟೋ, ಯಾವುದಾದರೂ ಸಂಸ್ಥೆಯ ಪರಿಚಯ ಪತ್ರ ಕೇಳುವುದು ಮಾಮೂಲು. ನೀವು ಯಾವ ವಿಶ್ವವಿದ್ಯಾಲಯದವರೂ ಅಲ್ಲದಿದ್ದರೆ ಹತ್ತಿರದ ಕಾಲೇಜಿನ ಪ್ರಿನ್ಸಿಪಾಲರಿಂದ ಒಂದು ಪತ್ರ ಮಾಡಿಸಿಕೊಳ್ಳಿ, ಹೆಚ್ಚಿನ ಕಡೆ ಸಾಕಾಗುತ್ತದೆ.

ಒಳಗೆ ಪೆನ್ಸಿಲ್ ಮಾತ್ರ. ಬ್ಯಾಗು ಹೊರಗೆ. ಸೂಚಿ ನೋಡಿ ಕಡತದ ನಂಬರು ಬರೆದು ಚೀಟಿ ಕೊಟ್ಟರೆ ಕಡತ ಬರುತ್ತದೆ, ಕೂಡಲೇ ಬರಬಹುದು, ಮರುದಿನವೂ ಬರಬಹುದು. ಹೊರಗಿನ ಊರಿನಿಂದ ಹೋದರೆ ಒಂದು ದಿನ ಜಾಸ್ತಿ ಇಟ್ಟುಕೊಂಡೇ ಹೋಗಿ. ಫೋಟೋ ತೆಗೆಯಬಹುದೇ, ಅದಕ್ಕೆ ಶುಲ್ಕ ಎಷ್ಟು ಅಂತ ಮೊದಲೇ ಕೇಳಿ. ಒಂದೊಂದು ಕಡೆ ಒಂದೊಂದು ನಿಯಮ.

ಪತ್ರಾಗಾರದ ಹಳೇ ಸಿಬ್ಬಂದಿಯನ್ನು ಮಾತಾಡಿಸಿ. ಸೂಚಿಯಲ್ಲಿ ಇಲ್ಲದ್ದು ಅವರ ತಲೆಯಲ್ಲಿರುತ್ತದೆ. "ಅವರ ಹೆಸರಲ್ಲಿ ಇಲ್ಲ, ಆದರೆ ಆ ಚಳವಳಿಯ ಕಟ್ಟಿನಲ್ಲಿ ಏನೋ ಇದೆ ನೋಡಿ" ಅನ್ನುವಂಥ ಒಂದು ಮಾತು ಒಂದು ವಾರದ ಹುಡುಕಾಟ ಉಳಿಸುತ್ತದೆ.

ಟಿಪ್ಪಣಿ ಮಾಡುವಾಗ ಪ್ರತಿ ಹಾಳೆಯ ತಲೆಯ ಮೇಲೆ ಸಂಸ್ಥೆಯ ಹೆಸರು, ಸಂಗ್ರಹದ ಹೆಸರು, ಕಡತದ ನಂಬರು, ಪುಟ. ಫೋಟೋ ಆದರೆ ಕಡತದ ಹೊರ ರಟ್ಟಿನ ಫೋಟೋ ಮೊದಲು. ಇದನ್ನು ಮಾಡದಿದ್ದರೆ ಮೂರು ತಿಂಗಳ ಮೇಲೆ ಫೋನಿನಲ್ಲಿ ನಾನ್ನೂರು ಫೋಟೋ ಇರುತ್ತದೆ, ಯಾವುದು ಎಲ್ಲಿಯದು ಅಂತ ದೇವರಿಗೇ ಗೊತ್ತು.

ಉತ್ತರ ಕರ್ನಾಟಕದ ಹಳೆಯ ಕಾಗದಗಳಲ್ಲಿ ಮೋಡಿ ಲಿಪಿ (ಮರಾಠಿ ಬರೆಯಲು ಬಳಸುತ್ತಿದ್ದ ಹಳೇ ಕೂಡುಬರಹ) ಬರುತ್ತದೆ, ಹೈದರಾಬಾದ್ ಕಡೆಯದರಲ್ಲಿ ಉರ್ದು. ಓದಲು ಬರದಿದ್ದರೆ ಬಿಟ್ಟು ಮುಂದೆ ಹೋಗಬೇಡಿ, ಪ್ರತಿ ತೆಗೆದುಕೊಂಡು ಬಂದು ಬಲ್ಲವರಿಗೆ ತೋರಿಸಿ.

ಭಾಷಣಗಳ ಬೆನ್ನು ಹತ್ತುವುದು

ಪತ್ರ ಒಂದೇ ಇರುತ್ತದೆ. ಭಾಷಣ ಹಾಗಲ್ಲ. ಒಂದೇ ಭಾಷಣಕ್ಕೆ ನಾಲ್ಕೈದು ರೂಪ ಇರಬಹುದು: ಚೀಟಿಯಲ್ಲಿ ಬರೆದುಕೊಂಡ ಟಿಪ್ಪಣಿ, ಟೈಪ್ ಮಾಡಿಸಿದ ಪ್ರತಿ, ಮರುದಿನದ ಪತ್ರಿಕೆ ವರದಿ, ಆಮೇಲೆ ತಿದ್ದಿ ಅಚ್ಚು ಹಾಕಿಸಿದ ಕಿರುಪುಸ್ತಕ, ಸಭೆಯ ನಡಾವಳಿ. ಇವು ಒಂದಕ್ಕೊಂದು ಹೊಂದುವುದಿಲ್ಲ. ಟೈಪ್ ಪ್ರತಿಯಲ್ಲಿರುವುದು ಅವರು ಹೇಳಬೇಕು ಅಂದುಕೊಂಡದ್ದು. ಪತ್ರಿಕೆಯಲ್ಲಿರುವುದು ವರದಿಗಾರನ ಕಿವಿಗೆ ಬಿದ್ದದ್ದು. ಯಾವ ರೂಪವನ್ನು ಬಳಸುತ್ತಿದ್ದೀರಿ ಅಂತ ಯಾವಾಗಲೂ ಹೇಳಿ, ಎಲ್ಲವನ್ನೂ ಬೆರೆಸಿ "ಪೂರ್ಣ ಪಾಠ" ಅಂತ ಒಂದನ್ನು ಮಾಡಬೇಡಿ.

ಶಾಸಕರಾಗಿದ್ದವರ ಭಾಷಣ ಸಿಗುವುದು ಎಲ್ಲಕ್ಕಿಂತ ಸುಲಭ. ಮೈಸೂರು ಪ್ರಜಾಪ್ರತಿನಿಧಿ ಸಭೆ 1881ರಿಂದ, ನ್ಯಾಯವಿಧಾಯಕ ಸಭೆ 1907ರಿಂದ ಇತ್ತು, ಅವುಗಳ ನಡಾವಳಿ ಅಚ್ಚಾಗಿದೆ. 1952ರ ನಂತರದ ವಿಧಾನಸಭೆಯದ್ದೂ ಇದೆ, ಚರ್ಚೆಗಳನ್ನು ಸ್ಕ್ಯಾನ್ ಮಾಡಿ ಜಾಲತಾಣದಲ್ಲಿ ಹಾಕಿದ್ದಾರೆ. ಆದರೆ ಹುಡುಕುವ ಮುಂಚೆ ಅವರು ಯಾವ ಅವಧಿಯಲ್ಲಿ ಸದನದಲ್ಲಿದ್ದರು ಅಂತ ಖಚಿತ ಮಾಡಿಕೊಳ್ಳಿ.

ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರನ್ನೇ ತೆಗೆದುಕೊಳ್ಳಿ. ಅವರು ಗೆದ್ದದ್ದು 1952, 1962, 1967ರಲ್ಲಿ. 1957ರ ಸದನದಲ್ಲಿ ಅವರಿಲ್ಲ. ಗೇಣಿದಾರರ ಪರ ಅಷ್ಟು ಮಾತಾಡಿದ ಮನುಷ್ಯ, 1961ರ ಭೂ ಸುಧಾರಣಾ ಮಸೂದೆಯ ಚರ್ಚೆಯಲ್ಲಿ ಏನು ಹೇಳಿದರು ಅಂತ ನಡಾವಳಿಯಲ್ಲಿ ಹುಡುಕಿದರೆ ಒಂದು ಸಾಲೂ ಸಿಗುವುದಿಲ್ಲ, ಆಗ ಅವರು ಶಾಸಕರೇ ಅಲ್ಲ. ಗೇಣಿದಾರರ 1951ರ ಕಾಗೋಡು ಸತ್ಯಾಗ್ರಹ ಕೂಡ ಅವರು ಸದನಕ್ಕೆ ಬರುವ ಮುಂಚಿನದು. ಆ ಎರಡು ಕಾಲದ ಮಾತಿಗೆ ಪತ್ರಿಕೆ, ಪಕ್ಷದ ಕರಪತ್ರ, ಪೊಲೀಸ್ ಮತ್ತು ಕೋರ್ಟ್ ಕಡತದ ಕಡೆ ಹೋಗಬೇಕು. ಸದನದಲ್ಲಿದ್ದ ವರ್ಷಗಳಲ್ಲಿ ಹೆಸರಿನ ಸೂಚಿ ನೋಡಿ. ದೊಡ್ಡ ಭಾಷಣ ಮಾತ್ರ ಅಲ್ಲ, ಪ್ರಶ್ನೆ, ಉಪಪ್ರಶ್ನೆ, ಬಜೆಟ್ ಚರ್ಚೆ, ರಾಜ್ಯಪಾಲರ ಭಾಷಣದ ಮೇಲಿನ ಮಾತು ಎಲ್ಲವನ್ನೂ. ಒಬ್ಬ ಶಾಸಕನ ಸ್ವಭಾವ ಉಪಪ್ರಶ್ನೆಯಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ನಡಾವಳಿಯಿಂದ ತೆಗೆದುಹಾಕಿಸಿದ ಮಾತುಗಳಿದ್ದರೆ ಆ ವಾರದ ಪತ್ರಿಕೆಗಳನ್ನೂ ತಿರುವಿ ಹಾಕಿ.

ಸಂವಿಧಾನ ಸಭೆಯಲ್ಲಿದ್ದವರದ್ದು ಇನ್ನೂ ಸುಲಭ. 1946ರ ಡಿಸೆಂಬರ್ 9ರಿಂದ ನಡೆದ ಚರ್ಚೆಗಳ 12 ಸಂಪುಟವೂ ಆನ್‌ಲೈನ್ ಇದೆ. ಮೈಸೂರಿನಿಂದ ಕೆ. ಸಿ. ರೆಡ್ಡಿ, ಕೆಂಗಲ್ ಹನುಮಂತಯ್ಯ, ಟಿ. ಸಿದ್ದಲಿಂಗಯ್ಯ ಮುಂತಾದವರು, ಮುಂಬೈ ಕಡೆಯಿಂದ ನಿಜಲಿಂಗಪ್ಪ, ರಂ. ರಾ. ದಿವಾಕರ ಇದ್ದರು. ನಮಗೆ ಬೇಕಿದ್ದದ್ದು ವೀಣೆ, ಸಿತಾರಿನ ಸಂಗೀತ, ಸಿಕ್ಕಿದ್ದು ಇಂಗ್ಲಿಷ್ ಬ್ಯಾಂಡು ಅಂತ ಹನುಮಂತಯ್ಯನವರು ಹೇಳಿದ್ದನ್ನು ಎಲ್ಲರೂ ಉದ್ಧರಿಸುತ್ತಾರೆ. ಅದರ ಹಿಂದೆ ಮುಂದೆ ಏನಿತ್ತು ಅಂತ ಮೂಲಕ್ಕೆ ಹೋಗಿ ಓದಿದವರು ಕಡಿಮೆ. ನೀವು ಓದಿ.

ಸ್ವಾತಂತ್ರ್ಯಕ್ಕೆ ಮುಂಚಿನ ಬೀದಿ ಭಾಷಣಗಳ ವಿಷಯದಲ್ಲಿ ಒಂದು ವಿಚಿತ್ರ ಇದೆ. ಅವನ್ನು ಉಳಿಸಿದವರು ಬಹಳ ಸಲ ಪೊಲೀಸರೇ. ಸಭೆಗೆ ಶೀಘ್ರಲಿಪಿ ಬಲ್ಲವರನ್ನು ಕಳಿಸಿ ಬರೆಸಿಕೊಳ್ಳುತ್ತಿದ್ದರು, ಕೇಸು ಹಾಕಲಿಕ್ಕೆ. ಗೃಹ ಇಲಾಖೆಯ ರಾಜಕೀಯ ಕಡತಗಳಲ್ಲಿ ಅವು ಸಿಗುತ್ತವೆ. ಆದರೆ ಅಲ್ಲಿರುವುದು ಹೆಚ್ಚಾಗಿ ಕನ್ನಡ ಭಾಷಣದ ಇಂಗ್ಲಿಷ್ ಅನುವಾದ, ಅದೂ ರಾಜದ್ರೋಹ ಹುಡುಕುವ ಕಣ್ಣಿನಿಂದ ಮಾಡಿದ್ದು. ಅದನ್ನು ನೀವು ಮತ್ತೆ ಕನ್ನಡಕ್ಕೆ ತಂದು ಉದ್ಧರಣ ಚಿಹ್ನೆಯೊಳಗೆ ಹಾಕಿದರೆ ಅದು ಅವರ ಮಾತಲ್ಲ, ನಿಮ್ಮ ಮಾತು. "ಪೊಲೀಸ್ ವರದಿಯ ಪ್ರಕಾರ" ಅಂತ ಬರೆದು ಸಾರಾಂಶ ಕೊಡಿ.

ದಿವಾನರ ಕಾಲದ ಭಾಷಣಗಳನ್ನು ಸರ್ಕಾರಿ ಮುದ್ರಣಾಲಯವೇ ಪುಸ್ತಕ ಮಾಡುತ್ತಿತ್ತು. ವಿಶ್ವೇಶ್ವರಯ್ಯನವರ ಭಾಷಣ ಸಂಪುಟ 1917ರದ್ದು. ಇಂಥವು ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ, ಪುಟ ಬಿಟ್ಟುಹೋಗಿದೆಯಾ ಅಂತ ಮಾತ್ರ ಎಣಿಸಿ ನೋಡಿ.

ರೇಡಿಯೋ ಭಾಷಣಕ್ಕೆ ಧ್ವನಿ ಸಿಗುವುದು ಅದೃಷ್ಟ. ಧಾರವಾಡ ಆಕಾಶವಾಣಿ 1950ರ ಜನವರಿಯಲ್ಲಿ ಶುರುವಾಯಿತು, ಆ ಕಾಲದಲ್ಲಿ ಟೇಪು ದುಬಾರಿ, ಅಳಿಸಿ ಮತ್ತೆ ಬಳಸುವುದು ಮಾಮೂಲು. ಆದರೆ ರೇಡಿಯೋದಲ್ಲಿ ಬರೆದೇ ಓದಬೇಕಿತ್ತು. ಹಾಗಾಗಿ ಆ ಬರಹದ ಪ್ರತಿ ಅವರ ಮನೆಯ ಟ್ರಂಕಿನಲ್ಲಿರಬಹುದು. ಆಕಾಶವಾಣಿಯ ಕರಾರು ಪತ್ರ ಸಿಕ್ಕರೆ ಅದರಲ್ಲಿ ತಾರೀಕು, ಎಷ್ಟು ನಿಮಿಷ, ಎಷ್ಟು ಸಂಭಾವನೆ ಎಲ್ಲ ಇರುತ್ತದೆ.

ಮನೆಯಲ್ಲಿ ಕ್ಯಾಸೆಟ್ ಇದ್ದರೆ, ಪ್ಲೇಯರಿಗೆ ಹಾಕುವ ಮುಂಚೆ ಅದರ ಮೇಲಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ಚೂರನ್ನು ಮುರಿದುಬಿಡಿ. ಆಗ ಕೈತಪ್ಪಿ ರೆಕಾರ್ಡ್ ಬಟನ್ ಒತ್ತಿದರೂ ಅಳಿಸುವುದಿಲ್ಲ. ಬೂಸ್ಟು ಹಿಡಿದಿದ್ದರೆ ಹಾಕಲೇಬೇಡಿ, ಬಲ್ಲವರ ಹತ್ತಿರ ಕೊಡಿ. ಧ್ವನಿ ಯಾರದ್ದು ಅಂತ ಗುರುತಿಸುವವರು ಬದುಕಿದ್ದಾಗಲೇ ಕೇಳಿಸಿ, ಹೆಸರು ಬರೆದಿಟ್ಟುಕೊಳ್ಳಿ.

ಅಚ್ಚು ಹಾಕುವ ಮುಂಚೆ

ಪತ್ರದ ಕಾಗದ ಯಾರದ್ದು, ಪತ್ರದ ಹಕ್ಕು ಯಾರದ್ದು ಅನ್ನುವುದು ಬೇರೆ ಬೇರೆ. ಪತ್ರ ನಿಮ್ಮ ತಾತನಿಗೆ ಬಂದದ್ದು, ಹಾಗಾಗಿ ಕಾಗದ ನಿಮ್ಮದು. ಆದರೆ ಅದರ ಕಾಪಿರೈಟ್ ಬರೆದವರದ್ದು, ಅವರ ನಂತರ ಅವರ ವಾರಸುದಾರರದ್ದು. ಸಾರ್ವಜನಿಕ ಭಾಷಣದ ಹಕ್ಕೂ ಮಾತಾಡಿದವರದ್ದೇ.

1957ರ ಕಾಪಿರೈಟ್ ಕಾಯ್ದೆ ಪ್ರಕಾರ ಬರೆದವರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಆಲೂರ ವೆಂಕಟರಾಯರು ತೀರಿಕೊಂಡದ್ದು 1964ರಲ್ಲಿ. ಅವರು ಬದುಕಿದ್ದಾಗ ಅಚ್ಚಾದ ಬರಹಗಳ ಹಕ್ಕು 2024ರ ಕೊನೆಗೆ ಮುಗಿಯಿತು. ದಿವಾಕರರು ತೀರಿಕೊಂಡದ್ದು 1990ರಲ್ಲಿ, ಅವರದ್ದು ಇನ್ನೂ ಬಹಳ ವರ್ಷ ಇದೆ. ಎಂದೂ ಅಚ್ಚಾಗದ ಪತ್ರಗಳ ಲೆಕ್ಕ ಬೇರೆ. ಸಾವಿನ ನಂತರ ಮೊದಲ ಸಲ ಪ್ರಕಟವಾದದ್ದಕ್ಕೆ ಪ್ರಕಟವಾದ ಮರುವರ್ಷದಿಂದ 60 ವರ್ಷ. ಆದರೆ ಜನರಿಗೆ ತೆರೆದಿರುವ ಗ್ರಂಥಾಲಯ, ಮ್ಯೂಸಿಯಂಗಳಲ್ಲಿರುವ ಅಪ್ರಕಟಿತ ಬರಹವನ್ನು, ಬರೆದವರು ತೀರಿ 60 ವರ್ಷ ಕಳೆದಿದ್ದರೆ, ಸಂಶೋಧನೆಗೂ ಪ್ರಕಟಣೆಗೂ ಪ್ರತಿ ಮಾಡಲು ಕಾಯ್ದೆಯಲ್ಲೇ ಅವಕಾಶ ಇದೆ. ಅನುಮಾನ ಇದ್ದರೆ ಮನೆಯವರಿಂದ ಒಂದು ಸಾಲಿನ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ, ಬಾಯಿಮಾತು ಸಾಲದು.

ಕಾನೂನಿನ ಆಚೆಗೂ ಒಂದು ವಿಷಯ ಇದೆ. ಪತ್ರಗಳಲ್ಲಿ ಸಾಲ, ಕಾಯಿಲೆ, ಮದುವೆ ಮುರಿದದ್ದು, ಜಾತಿ ಜಗಳ ಎಲ್ಲ ಬರುತ್ತದೆ. ನಾಯಕರ ಬಗ್ಗೆಯಾದರೆ ಮುಚ್ಚಿಡಬಾರದು ಅನ್ನುವುದು ನನ್ನ ಮಾತು. ಆದರೆ ಪತ್ರದಲ್ಲಿ ಸುಮ್ನೆ ಹೆಸರು ಬಂದ ಮೂರನೆಯವರು, ಅವರ ಮಕ್ಕಳು ಈಗಲೂ ಅದೇ ಬೀದಿಯಲ್ಲಿದ್ದರೆ, ಹೆಸರು ಬಿಡುವುದೇ ಸರಿ. ಬಿಟ್ಟಿದ್ದೇವೆ ಅಂತ ಚುಕ್ಕಿ ಹಾಕಿ ತೋರಿಸಿ.

ಸಂಗ್ರಹವನ್ನು ಕೊಡುವುದಾದರೆ

ಮನೆಯಲ್ಲಿ ಇಟ್ಟುಕೊಳ್ಳಲು ಆಗದಿದ್ದರೆ ಒಂದು ಸಂಸ್ಥೆಗೆ ಕೊಡಿ, ಆದರೆ ಕೈಬೀಸಿ ಕೊಡಬೇಡಿ. ಮೊದಲು ಹೋಗಿ ನೋಡಿ. ಈಗಾಗಲೇ ಅವರ ಬಳಿ ಇರುವ ಸಂಗ್ರಹಕ್ಕೆ ಪಟ್ಟಿ ಇದೆಯಾ? ಓದಲು ಬಂದವರಿಗೆ ಕೊಡುತ್ತಾರಾ? ಬೀರುವಿನಲ್ಲಿ ಬೀಗ ಹಾಕಿ ಇಡುವ ದೊಡ್ಡ ಸಂಸ್ಥೆಗಿಂತ ಪಟ್ಟಿ ಮಾಡಿ ತೋರಿಸುವ ಸಣ್ಣ ಸಂಸ್ಥೆ ಮೇಲು.

ಅಣ್ಣತಮ್ಮಂದಿರು, ಅಕ್ಕತಂಗಿಯರು ಹಂಚಿಕೊಂಡು ನಾಲ್ಕು ಕಡೆ ಕೊಡುವುದು ಬೇಡ. ಸನ್ಮಾನ ಪತ್ರ, ಬೆಳ್ಳಿ ತಟ್ಟೆ ಹಂಚಿಕೊಳ್ಳಿ. ಪತ್ರಗಳು ಒಟ್ಟಿಗಿರಲಿ.

ಕೊಡುವಾಗ ಎರಡು ಪುಟದ ಕರಾರು ಬರೆಸಿಕೊಳ್ಳಿ. ಅದಕ್ಕೆ ನೀವು ಮಾಡಿದ ಕಟ್ಟುವಾರು ಪಟ್ಟಿ ಲಗತ್ತಿಸಿ, ಎರಡೂ ಕಡೆ ಸಹಿ. ದಾನವೋ ಠೇವಣಿಯೋ (ಒಡೆತನ ನಿಮ್ಮದೇ, ಇಡಲಿಕ್ಕಷ್ಟೇ ಕೊಟ್ಟದ್ದು), ಕಾಪಿರೈಟ್ ಯಾರ ಹತ್ತಿರ ಉಳಿಯುತ್ತದೆ, ಸ್ಕ್ಯಾನ್ ಮಾಡಿ ಜಾಲತಾಣದಲ್ಲಿ ಹಾಕಬಹುದಾ, ಮನೆಯವರಿಗೆ ಒಂದು ಪ್ರತಿ ಸಿಗುತ್ತದಾ ಅನ್ನುವುದೆಲ್ಲ ಅದರಲ್ಲಿ ಬರಲಿ. ಕೆಲವು ಪತ್ರ ಈಗ ಬೇಡ ಅನ್ನಿಸಿದರೆ ಅವನ್ನು ಬೇರೆ ಲಕೋಟೆಯಲ್ಲಿ ಮುಚ್ಚಿ, ಯಾವ ಇಸವಿಗೆ ತೆರೆಯಬೇಕು ಅಂತ ಖಚಿತ ತಾರೀಕು ಬರೆಯಿರಿ. "ಮನೆಯವರು ಒಪ್ಪಿದಾಗ" ಅಂತ ಬರೆದರೆ ಯಾವತ್ತೂ ತೆರೆಯುವುದಿಲ್ಲ. ಮೂವತ್ತು ವರ್ಷದ ಮೇಲೆ ಯಾರ ಮನೆಯವರು, ಎಲ್ಲಿದ್ದಾರೆ ಅಂತ ಹುಡುಕುವುದೇ ಗ್ರಂಥಪಾಲಕರ ಪಾಲಿಗೆ ದೊಡ್ಡ ಕೆಲಸವಾಗುತ್ತದೆ.